ಹದಿನಾರು ಬಾರ್ ಖಾಲಿ

ದವಡೆ ಹಲ್ಲೊಂದು ಮೂರು ದಿನದಿಂದ ಸತಾಯಿಸುತ್ತಿತ್ತು. ಮೊಮ್ಮಗಳು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕುವೆಂಪುನಗರದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರೆಂದರೆ ಅವಳದೇ ವಯಸ್ಸಿನ ಒಂದು ಹುಡುಗಿ. ಹತ್ತಿಯ ಉಂಡೆಯನ್ನು ಸಣ್ಣ ಸೀಸೆಯೊಂದರಲ್ಲಿ ಅದ್ದಿ ನನ್ನ ಬಾಯೊಳಗಿಟ್ಟಳು. ಲವಂಗದ ಎಣ್ಣೆ. ವಾಸನೆ ಮೂಗಿಗೆ ಬಡಿದ ಕೂಡಲೇ ಕಣ್ಣಲ್ಲಿ ನೀರು ಬಂತು. "ತುಂಬಾ ನೋಯ್ತಿದ್ಯಾ ಅಂಕಲ್" ಎಂದು ಕೇಳಿದಳು. ಬಾಯಲ್ಲಿ ಹತ್ತಿ ಇದ್ದದ್ದರಿಂದ ಇಲ್ಲ ಎನ್ನಲಾಗಲಿಲ್ಲ. ಲಷ್ಕರ್ ಮೊಹಲ್ಲಾದ ಆರೋಗ್ಯಪ್ಪ ಮೇಷ್ಟ್ರ ಮನೆಯ ನಡುಕೋಣೆಯಲ್ಲಿ ಆ ವರ್ಷದ ಆಷಾಢವೆಲ್ಲ ಇದೇ ವಾಸನೆ ಇತ್ತು ಎಂದು ಆ ಮಗುವಿಗೆ ಹೇಳಿ ಪ್ರಯೋಜನವೂ ಇರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತು ವರ್ಷ. ಬಿ.ಎ. ಎರಡನೇ ವರ್ಷದಲ್ಲಿ ಡುಮ್ಕಿ ಹೊಡೆದು ಮೈಸೂರಿನ ಪಕ್ಕದ ಇಲವಾಲದ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಎಂದರೆ ಅಪ್ಪನ ಕಣ್ಣಿಗೆ ಬೀಳದ ಹಾಗೆ ತಿರುಗುತ್ತಿದ್ದೆ. ನನ್ನ ಹತ್ತಿರ ಒಂದು ಸ್ಯಾಕ್ಸೋಫೋನು ಇತ್ತು. ಗೌಡರ ಮನೆಯ ಹುಡುಗನಿಗೆ ಅದೆಲ್ಲಿಂದ ಬಂತು ಎಂದರೆ, ನಮ್ಮ ಸೋದರಮಾವ ಮೈಸೂರಿನ ಒಂದು ಕ್ಲಬ್ಬಿನಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದರು. ಅಲ್ಲಿ ಡಾನ್ಸಿಗೆ ನುಡಿಸುತ್ತಿದ್ದ ಗೋವೆಯವನೊಬ್ಬ ನನಗೆ ಎರಡು ವರ್ಷ ಊದುವುದನ್ನೂ ಐದು ಗೆರೆಯ ಇಂಗ್ಲಿಷ್ ನೊಟೇಶನ್ ಓದುವುದನ್ನೂ ಕಲಿಸಿ, ಬೊಂಬಾಯಿಗೆ ಹೊರಡುವಾಗ ವಾದ್ಯವನ್ನೂ ನನಗೇ ಬಿಟ್ಟುಹೋದ. ಮನೆಯಲ್ಲಿ ಊದಿದರೆ ಅವ್ವ, "ಎಮ್ಮೆ ಹಾಲಿಗೆ ಸೊರ ಬುಡಲ್ಲ ಕಣೋ, ಹೊಲಕ್ಕೆ ಹೋಗಿ ಊದ್ಕೋ" ಎನ್ನುತ್ತಿದ್ದಳು. ಹೊಲದಲ್ಲಿ ಊದಿ ಸಾಕಾದಾಗ ಸೈಕಲ್ ಹತ್ತಿ ಶಿವರಾಮಪೇಟೆಗೆ ಬರುತ್ತಿದ್ದೆ. ಅಲ್ಲಿ ನಂಜುಂಡಣ್ಣನ ರೇಡಿಯೋ ರಿಪೇರಿ ಅಂಗಡಿ ಇತ್ತು. ಕೆಲಸವಿಲ್ಲದವರಿಗೆಲ್ಲ ಅಲ್ಲೊಂದು ಸ್ಟೂಲು ಸಿಗುತ್ತಿತ್ತು.

ಅಮೆರಿಕದಲ್ಲಿ ಓದಿ ಬಂದ ಒಬ್ಬ ಪ್ರೊಫೆಸರು ತಮ್ಮ ರೆಕಾರ್ಡ್ ಪ್ಲೇಯರನ್ನು ಆ ಅಂಗಡಿಗೆ ರಿಪೇರಿಗೆ ಕೊಟ್ಟಿದ್ದರು. ಹಾಕಿ ನೋಡಲಿ ಎಂದು ಜೊತೆಗೆ ಒಂದು ಜಾಜ್ ರೆಕಾರ್ಡನ್ನೂ ಇಟ್ಟುಹೋಗಿದ್ದರು. ರಟ್ಟಿನ ಮೇಲೆ ಇಬ್ಬರ ಚಿತ್ರ. ಒಬ್ಬನಿಗೆ ಅರವತ್ತು ದಾಟಿದೆ, ಇನ್ನೊಬ್ಬನಿಗೆ ಮೂವತ್ತೂ ತುಂಬಿದಂತಿಲ್ಲ. ಇಬ್ಬರ ಕೈಯಲ್ಲೂ ಊದುವ ವಾದ್ಯ. ನಂಜುಂಡಣ್ಣ ರೆಕಾರ್ಡ್ ಹಾಕಿದಾಗ ಅಂಗಡಿಯಲ್ಲಿ ನಾನಿದ್ದೆ. ರೇಡಿಯೋದ ವಾಲ್ವು ಬದಲಾಯಿಸಲು ಬಂದಿದ್ದ ಒಬ್ಬ ಯಜಮಾನರೂ ಇದ್ದರು. ಕಪ್ಪು ಕೋಟು, ಸಣಕಲು ದೇಹ, ಹೊರಗೆ ಮಳೆ ಇಲ್ಲದಿದ್ದರೂ ಕಂಕುಳಲ್ಲಿ ಕೊಡೆ. ನಾನು ಕುಣಿದಾಡುವ ಹಾಗೆ ಕೇಳುತ್ತಿದ್ದೆ. ಅವರು ಕೊಡೆಯನ್ನು ನೆಲಕ್ಕೂರಿ ಅಲ್ಲಾಡದೆ ನಿಂತಿದ್ದರು.

"ಈ ಮುದುಕಪ್ಪ ಏನೂ ಊದ್ತಾನೇ ಇಲ್ವಲ್ಲ. ಎಲ್ಲಾನೂ ಹುಡುಗನೇ ಊದ್ತಾವ್ನೆ" ಎಂದೆ ನಾನು.

"ಊದ್ತಾ ಇದಾನೆ ಕಣಯ್ಯ. ಹುಡುಗನ್ನ ಕಾಯ್ತಾನೂ ಇದಾನೆ" ಎಂದರು ಯಜಮಾನರು. ಸ್ವಲ್ಪ ಹೊತ್ತಿನ ಮೇಲೆ ರಟ್ಟಿನ ಚಿತ್ರ ತೋರಿಸಿ, "ಇಬ್ರ ಮುಂದೂ ಕಾಗದ ಇಲ್ಲ, ನೋಡು" ಎಂದರು.

ಅವರೇ ಆರೋಗ್ಯಪ್ಪ ಮೇಷ್ಟ್ರು. ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ನಲವತ್ತು ವರ್ಷ ಕ್ಲ್ಯಾರಿನೆಟ್ ಊದಿ ನಿವೃತ್ತರಾದವರು. ದಸರೆಯಲ್ಲಿ, ಔತಣಗಳಲ್ಲಿ, ದೊರೆಗಳು ಬಂದಾಗ ಹೋದಾಗ, ನಲವತ್ತು ವರ್ಷವೂ ಎದುರಿಗೆ ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಐದು ಗೆರೆಯ ಕಾಗದ. ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಊದಬೇಕು. ಒಂದು ಸ್ವರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅದರಲ್ಲಿ ಅವರಿಗೆ ಹೆಮ್ಮೆಯೇ ಇತ್ತು. ಆದರೆ ಆವತ್ತು ಆ ರೆಕಾರ್ಡ್ ಕೇಳಿದ ಮೇಲೆ ಏನೋ ಆಗಿಹೋಯಿತು. ಮರುದಿನ ಬಂದರು, ಅದರ ಮರುದಿನವೂ ಬಂದರು. ಮೂರನೆಯ ದಿನ ನನ್ನನ್ನು ನೇರವಾಗಿ ಕೇಳಿದರು:

"ಸಿದ್ದರಾಜು, ನಾವಿಬ್ರೂ ಹಿಂಗೊಂದು ಮಾಡನೇನಪ್ಪ?"

ನಾನು ನಕ್ಕೆ. ಅವರು ನಗಲಿಲ್ಲ. ತಮ್ಮ ಮೇಲಿನ ಮುಂದಿನ ಹಲ್ಲುಗಳನ್ನು ಹೆಬ್ಬೆರಳಿನಿಂದ ಮುಟ್ಟಿ ಅಲ್ಲಾಡಿಸಿ ತೋರಿಸಿದರು. "ಇನ್ನು ನಾಲ್ಕು ವಾರಕ್ಕೆ ಇವನ್ನೆಲ್ಲ ಕಿತ್ತಾಕ್ತಾರಂತೆ. ಕ್ಲ್ಯಾರಿನೆಟ್ಟಿನ ಮೂತಿಗೆ ಮೇಲಿನ ಹಲ್ಲೇ ಆಧಾರ. ಹಲ್ಲೋಯ್ತು ಅಂದ್ರೆ ಅದು ನಂಗೆ ಊರುಗೋಲು ಅಷ್ಟೇ. ಅಷ್ಟ್ರೊಳಗೆ ಒಂದ್ಸಲ ಕಾಗದ ಇಲ್ದೆ ಊದ್ಬೇಕು ಕಣಯ್ಯ. ನಂದೇ ಅಂತ ಒಂದ್ಸಲ."

ಕೇಳುಗರು ಬೇಡವೇ ಎಂದು ನಂಜುಂಡಣ್ಣ ಕೇಳಿದ. ಬೇರೆಯವರಿಗಿಂತ ಮೊದಲು ತಮ್ಮದನ್ನು ತಾವೇ ಕೇಳಬೇಕು ಎಂದರು ಮೇಷ್ಟ್ರು. ಆಗ ನಂಜುಂಡಣ್ಣನಿಗೆ ಉಪಾಯ ಹೊಳೆಯಿತು. ಅದೇ ಪ್ರೊಫೆಸರು ಮೂರು ವಾರದ ಮೇಲೆ ತಮ್ಮ ಟೇಪ್ ಮೆಶೀನನ್ನೂ ರಿಪೇರಿಗೆ ತರುವವರಿದ್ದರು. ಭಾನುವಾರವೊಂದು ದಿನ ಅದು ಅವನ ಕೈಯಲ್ಲಿರುತ್ತದೆ, ಮೇಷ್ಟ್ರ ಮನೆಗೆ ಒಯ್ಯಬಹುದು, ಸಂಜೆ ಪ್ರೊಫೆಸರು ಬಂದು ತೆಗೆದುಕೊಂಡು ಹೋಗುತ್ತಾರೆ. ಟೇಪಿನ ಒಂದು ತುಂಡು, ಆರು ನಿಮಿಷದಷ್ಟು, ನಂಜುಂಡಣ್ಣನ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಮದ್ರಾಸಿನಲ್ಲಿ ಅವನ ಭಾವಮೈದುನ ಟೇಪಿನಿಂದ ರೆಕಾರ್ಡ್ ಕೊರೆಯುವ ಕಡೆ ಕೆಲಸದಲ್ಲಿದ್ದ. ಭಾನುವಾರ ಟೇಪು, ಆ ಬುಧವಾರವೇ ಮೇಷ್ಟ್ರ ಹಲ್ಲು. ಎಲ್ಲ ಹೊಂದಿಕೊಂಡ ಹಾಗೆ ಕಂಡಿತು.

ನಾಲ್ಕು ದಿನದಲ್ಲಿ ಮೇಷ್ಟ್ರು ಒಂದು ರಾಗವನ್ನು ಕಟ್ಟಿದರು. ನಿಧಾನದ್ದು, ಸಾಯಂಕಾಲ ಯಾರನ್ನೋ ಕಾಯುತ್ತಾ ಜಗುಲಿಯಲ್ಲಿ ಕೂತ ಹಾಗಿನದು. ಕಟ್ಟಿದವರು ಬರೆಯದೆ ಇರುತ್ತಾರೆಯೇ. ಕಾಗದ ಬೇಡ ಎಂದವರು ಎಂಟು ಹಾಳೆ ತುಂಬಿಸಿದರು. ನನಗೊಂದು ಪ್ರತಿ, ಅವರಿಗೊಂದು ಪ್ರತಿ. ತಾಳದ ಒಂದು ಸುತ್ತಿಗೆ ಬ್ಯಾಂಡಿನವರು ಬಾರ್ ಎನ್ನುತ್ತಾರೆ. ಮೊದಲು ರಾಗವನ್ನು ಇಬ್ಬರೂ ಸೇರಿ ಊದಬೇಕು. ಆಮೇಲೆ ನನ್ನ ಹಾಳೆಯಲ್ಲಿ ಹದಿನಾರು ಬಾರ್ ಖಾಲಿ, ಅಲ್ಲಿ ನನಗೆ ಮನಸ್ಸಿಗೆ ಬಂದದ್ದು. ಅದಾದ ಮೇಲೆ ಅವರ ಹಾಳೆಯಲ್ಲಿ ಹದಿನಾರು ಬಾರ್ ಖಾಲಿ. ಕೊನೆಗೆ ಮತ್ತೆ ಇಬ್ಬರೂ. ಒಟ್ಟು ಐದು ನಿಮಿಷ, ಟೇಪಿಗೆ ಸರಿಹೋಗುವಷ್ಟು.

ಹಾಳೆ ಕೊಡುವಾಗ ಹೇಳಿದರು: "ನಿನ್ನ ಪಾಡಿಗೆ ನೀನು ಕಲ್ತ್ಕೋ. ಪೂರ್ತಿ ಕೈಗೆ ಬರೋವರ್ಗೂ ನನ್ ಮುಂದೆ ಊದ್ಬೇಡ. ಬ್ಯಾಂಡಲ್ಲಿ ಅದೇ ಕ್ರಮ."

ಅಪ್ಪಣೆಯ ಪ್ರಕಾರ ನಾನು ಇಲವಾಲದ ಹೊಲದಲ್ಲಿ, ಅವರು ಲಷ್ಕರ್ ಮೊಹಲ್ಲಾದಲ್ಲಿ. ಎರಡು ಮೂರು ಸಲ ಅವರ ಮನೆಗೆ ಹೋದೆ. ವಾದ್ಯ ಒಯ್ಯಲಿಲ್ಲ. ಆಷಾಢದ ಗಾಳಿ ಬೀದಿಯ ಧೂಳನ್ನೆಲ್ಲ ಬಾಗಿಲೊಳಗೆ ತಳ್ಳುತ್ತಿತ್ತು, ಮಧ್ಯೆ ಮಧ್ಯೆ ಸೋನೆ. ಮೇಷ್ಟ್ರು ಊದುವ ಮೊದಲು ವಸಡಿಗೆ ಲವಂಗದ ಎಣ್ಣೆ ಹಚ್ಚಿ, ಹತ್ತು ನಿಮಿಷ ಊದಿ, ದವಡೆ ಹಿಡಿದುಕೊಂಡು ಕೂರುತ್ತಿದ್ದರು. ಆಮೇಲೆ ಹಾಳೆ ತೆಗೆಯುತ್ತಿದ್ದರು. ತಮ್ಮ ಆ ಹದಿನಾರು ಖಾಲಿ ಬಾರುಗಳಿಗೆ ಪೆನ್ಸಿಲಿನಲ್ಲಿ ಸ್ವರ ಬರೆಯುವುದು, ರಬ್ಬರಿನಲ್ಲಿ ಒರೆಸುವುದು, ಮತ್ತೆ ಬರೆಯುವುದು.

ಅವರ ಹೆಂಡತಿ ತೆರೇಸಮ್ಮ ಕಾಫಿ ಲೋಟ ಇಡುತ್ತಾ ಹೇಳಿದರು: "ಖಾಲಿ ಬುಡೋದೇ ಗೊತ್ತಿಲ್ಲ ಇವ್ರಿಗೆ. ಸಾಮಾನು ಚೀಟೀಲಿ ಎರಡು ಗೆರೆ ಮಿಕ್ಕುದ್ರೂ ಏನಾದ್ರೂ ಬರೀತಾರೆ. ಆ ಹಾಳೆಗೂ ತೂತು ಬಿತ್ತು, ನೋಡಪ್ಪ."

"ಸುಮ್ನಿರೇ, ಭಾನುವಾರದೊತ್ಗೆ ಒರುಸ್ಬುಡ್ತೀನಿ" ಎಂದರು ಮೇಷ್ಟ್ರು.

ಒರೆಸಲಿಲ್ಲ. ಶನಿವಾರ ನಾನು ಹೋದಾಗ ಹದಿನಾರೂ ಬಾರು ತುಂಬಿತ್ತು, ಅದೂ ಇಂಕಿನಲ್ಲಿ. ಮೇಷ್ಟ್ರು ನನ್ನ ಮುಖ ನೋಡಲಿಲ್ಲ. "ಧೈರ್ಯ ಸಾಲ್ದು ಕಣಪ್ಪ. ನೀನಾದ್ರೂ ಖಾಲಿ ಇಟ್ಕೊಂಡಿದೀಯಲ್ಲ, ಸಾಕು" ಎಂದರು. ನನಗೆ ಅಯ್ಯೋ ಎನ್ನಿಸಿತು. ಆದರೆ ಇಪ್ಪತ್ತರ ವಯಸ್ಸು, ನನ್ನ ಹದಿನಾರು ಬಾರುಗಳಲ್ಲಿ ಹೇಗೆ ಮಿಂಚಬೇಕೆಂಬ ಯೋಚನೆಯಲ್ಲಿ ಆ ಅಯ್ಯೋ ಬಹಳ ಹೊತ್ತು ಉಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಯ ನಾಲ್ಕು ಕಂಬಳಿಗಳನ್ನು ಸೈಕಲ್ಲಿಗೆ ಕಟ್ಟಿ, ಸ್ಯಾಕ್ಸೋಫೋನನ್ನು ಬೆನ್ನಿಗೆ ಹಾಕಿಕೊಂಡು ಇಲವಾಲದಿಂದ ಸೋನೆಯಲ್ಲೇ ಮೇಷ್ಟ್ರ ಮನೆಗೆ ಹೊರಟೆ. ಕಂಬಳಿ ಗೋಡೆಗೆ ಕಟ್ಟಿದರೆ ಸದ್ದು ಗುಂಯ್ ಎನ್ನುವುದಿಲ್ಲ ಎಂದು ನಂಜುಂಡಣ್ಣ ಹೇಳಿದ್ದ. ನಡುಕೋಣೆಯಲ್ಲಿ ಒದ್ದೆ ಕುರಿಯ ವಾಸನೆಯೂ ಲವಂಗದ ವಾಸನೆಯೂ ಬೆರೆತು ತಲೆ ತಿರುಗುವಂತಿತ್ತು. ಮೇಷ್ಟ್ರು ಚರ್ಚಿನ ಮೊದಲ ಪೂಜೆಗೆ ಹೋಗಿಬಂದು ಅದೇ ಕೋಟಿನಲ್ಲಿ ಕೂತಿದ್ದರು. ಮೆಶೀನು ಮೇಜಿನ ಮೇಲೆ ಬಂತು. ನಂಜುಂಡಣ್ಣ ಮೈಕನ್ನು ಕುರ್ಚಿಯ ಬೆನ್ನಿಗೆ ಕಟ್ಟಿದ. ಮೇಷ್ಟ್ರು ಒಂದು ಸ್ವರ ಊದಿದರು. ಅದೇ ಸ್ವರವನ್ನು ನಾನೂ ಊದಿದೆ.

ಅಡುಗೆಮನೆಯಿಂದ ತೆರೇಸಮ್ಮ ಓಡಿಬಂದು ಏನಾಯಿತು ಎಂದು ಕೇಳಿದರು.

ಆಗಿದ್ದು ಇಷ್ಟು. ಒಂದೇ ಸ್ವರ, ಆದರೆ ಅವರದು ನನ್ನದಕ್ಕಿಂತ ಅರ್ಧ ಮೆಟ್ಟಿಲಿನಷ್ಟು ಮೇಲೆ. ಹಿಂದೆ ಬ್ರಿಟಿಷರ ಬ್ಯಾಂಡುಗಳಲ್ಲಿ ಶ್ರುತಿ ಎತ್ತರವಿತ್ತಂತೆ. ಮೇಷ್ಟ್ರು ಕೆಲಸಕ್ಕೆ ಸೇರಿದಾಗ ಇಂಗ್ಲೆಂಡಿನಿಂದ ಬಂದ ಕ್ಲ್ಯಾರಿನೆಟ್ಟು ಆ ಶ್ರುತಿಯದು. ಅದರ ಮೈಮೇಲೆ ಹೈ ಪಿಚ್ ಎಂಬುದಕ್ಕೆ ಎಚ್.ಪಿ. ಎಂದು ಎರಡಕ್ಷರ ಕೊರೆದಿದ್ದನ್ನು ನಾನು ನೋಡಿಯೂ ಇದ್ದೆ. ನಮ್ಮೂರಿನ ಪಂಪ್‌ಸೆಟ್ಟಿನ ಮೇಲೂ ಅದೇ ಇದ್ದದ್ದರಿಂದ ತಲೆಕೆಡಿಸಿಕೊಂಡಿರಲಿಲ್ಲ. ಆಮೇಲೆ ಪ್ರಪಂಚವೆಲ್ಲ ಶ್ರುತಿ ಇಳಿಸಿಕೊಂಡಿತು. ನನ್ನ ಸ್ಯಾಕ್ಸೋಫೋನು ಇಳಿದ ಕಾಲದ್ದು. ಹೆಚ್ಚುಕಡಿಮೆ ಮೂರು ವಾರ ಇಬ್ಬರೂ ಒಂದೇ ಹಾಳೆಯನ್ನು ಒಂದು ತಪ್ಪಿಲ್ಲದೆ ಕಲಿತಿದ್ದೆವು, ಒಂದು ಸಲವೂ ಜೊತೆಗೆ ಊದಿರಲಿಲ್ಲ. ಮೈಸೂರಿನಲ್ಲಿ ಪಾಠಕ್ಕೆ ಹೋಗುವ ಆರು ವರ್ಷದ ಮಗುವೂ ಮೊದಲು ಶ್ರುತಿ ಸೇರಿಸಿ ಆಮೇಲೆ ಬಾಯಿ ತೆರೆಯುತ್ತದೆ. ನಾವಿಬ್ಬರು ಕಾಗದದವರು.

"ಎಲ್ಲರೂ ಇಳಿದಿದ್ದು ನಂಗೊತ್ತಿತ್ತು. ನಿನ್ನ ವಾದ್ಯ ಹೊಸದು ಅಂತಾನೂ ಗೊತ್ತಿತ್ತು. ಎರಡನ್ನೂ ಸೇರಿಸ್ಕೊಂಡು ಯೋಚ್ನೆ ಮಾಡ್ಲಿಲ್ಲ ನೋಡು" ಎಂದರು ಮೇಷ್ಟ್ರು. ಮುಖ ಸಣ್ಣಗಾಗಿತ್ತು.

ನಾನು ನನ್ನ ವಾದ್ಯದ ಮೂತಿಯನ್ನು ತಳ್ಳುವಷ್ಟು ಒಳಕ್ಕೆ ತಳ್ಳಿ ನೋಡಿದೆ. ಅವರವರೆಗೆ ಏರಲಿಲ್ಲ. ನಂಜುಂಡಣ್ಣ, "ಬುಡಿ ಮೇಷ್ಟ್ರೇ, ಒಬ್ಬೊಬ್ರೇ ಊದ್ಬುಡಿ" ಎಂದ. ಮೇಷ್ಟ್ರು ಕ್ಲ್ಯಾರಿನೆಟ್ಟನ್ನು ಬಿಚ್ಚಿದರು. ಮೂತಿಯ ಕೆಳಗಿನ ಗಿಡ್ಡ ತುಂಡನ್ನು ಸ್ವಲ್ಪ ಸ್ವಲ್ಪವೇ ಹೊರಕ್ಕೆ ಎಳೆದು, ಬಿಟ್ಟ ಸಂದಿಗೆ ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಬಳೆ ಕತ್ತರಿಸಿ ಕೂರಿಸಿ, ತೆರೇಸಮ್ಮನ ಹೊಲಿಗೆ ದಾರ ಸುತ್ತಿ ಬಿಗಿ ಮಾಡಿದರು. ಒಂದು ಗಂಟೆಯ ಕೆಲಸ. ಕೊಳವೆ ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ. ಇಳಿಯಿತು. ಆದರೆ ಎಲ್ಲ ಸ್ವರವೂ ಒಂದೇ ಸಮ ಇಳಿಯುವುದಿಲ್ಲ. ಕೆಲವು ಸಾಲದೆ ನಿಂತವು, ಕೆಲವು ಬೇಕಾದ್ದಕ್ಕಿಂತ ಕೆಳಗೆ ಬಿದ್ದವು. ಬಿದ್ದವನ್ನು ಎತ್ತಬೇಕಾದರೆ ಮೂತಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯಬೇಕು. ಅಲ್ಲಾಡುವ ಆ ಹಲ್ಲಿನಿಂದ.

"ಆಗುತ್ತಾ ಮೇಷ್ಟ್ರೇ" ಎಂದೆ.

"ಐದು ನಿಮಿಷ ತಾನೇ" ಎಂದರು.

ಟೇಪು ತಿರುಗಿತು. ಮೊದಲ ರಾಗವನ್ನು ಇಬ್ಬರೂ ಸೇರಿ ಊದಿದೆವು. ನಾನು ಆವರೆಗೆ ಹೊಲದಲ್ಲಿ ಒಬ್ಬನೇ ಊದುತ್ತಿದ್ದ ರಾಗ ಅದಲ್ಲ. ಅವರ ಸ್ವರ ನನ್ನ ಪಕ್ಕದಲ್ಲಿ ನಡೆಯುತ್ತಿತ್ತು, ಎಲ್ಲಿಯೂ ಮೇಲೆ ಬೀಳದೆ. ಅವರ ಕತ್ತಿನ ನರ ಉಬ್ಬಿತ್ತು. ಅಷ್ಟು ಕಷ್ಟಪಟ್ಟು ನನ್ನ ಮಟ್ಟಕ್ಕೆ ಇಳಿದು ಬರುತ್ತಿದ್ದಾರೆ ಎಂಬುದು ಕಿವಿಗೆ ಗೊತ್ತಾಗುತ್ತಲೇ ಇರಲಿಲ್ಲ, ಅಷ್ಟು ಹದವಾಗಿತ್ತು.

ನನ್ನ ಹದಿನಾರು ಬಾರು ಬಂತು. ಹೊಲದಲ್ಲಿ ನೂರು ಸಲ ಮಾಡಿಕೊಂಡಿದ್ದದ್ದೆಲ್ಲ ಎರಡೇ ಬಾರಿನಲ್ಲಿ ಮರೆತುಹೋಯಿತು. ಬೇರೇನೋ ಬರತೊಡಗಿತು. ಕಣ್ಣು ಮುಚ್ಚಿಕೊಂಡೆ. ಅಂಥ ಸುಖ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಹದಿನಾರು ಮುಗಿಯಿತು, ನಿಲ್ಲಿಸಲಿಲ್ಲ. ಇಪ್ಪತ್ತಾಯಿತು, ಮೂವತ್ತಾಯಿತು, ನಲವತ್ತೂ ದಾಟಿತು. ಮರೆತೆ ಎಂದು ಬಹಳ ವರ್ಷ ಎಲ್ಲರಿಗೂ ಹೇಳಿದ್ದೇನೆ. ಈಗ ನಿಜ ಹೇಳುತ್ತೇನೆ, ಮರೆತಿರಲಿಲ್ಲ. ಎಣಿಕೆ ಒಳಗೆ ನಡೆಯುತ್ತಲೇ ಇತ್ತು. ಇನ್ನೊಂದು, ಇನ್ನೊಂದೇ ಒಂದು ಎನ್ನಿಸುತ್ತಿತ್ತು, ಅಷ್ಟೇ.

ಕಣ್ಣು ಬಿಟ್ಟಾಗ ನಂಜುಂಡಣ್ಣ ಒಂದು ಬೆರಳೆತ್ತಿ ನಿಂತಿದ್ದ. ಟೇಪಿನಲ್ಲಿ ಉಳಿದಿರುವುದು ಒಂದು ನಿಮಿಷ. ಮೇಷ್ಟ್ರು ವಾದ್ಯವನ್ನು ತುಟಿಯ ಹತ್ತಿರವೇ ಹಿಡಿದುಕೊಂಡು, ಯಾವಾಗ ತಮ್ಮ ಸರದಿ ಬರುತ್ತದೋ ಎಂದು ನನ್ನನ್ನೇ ನೋಡುತ್ತಿದ್ದರು. ನಾನು ವಾದ್ಯದಿಂದ ಬಾಯಿ ತೆಗೆದೆ. ಅವರು ತಮ್ಮ ಹಾಳೆಯನ್ನು ನೋಡಿದರು, ನಂಜುಂಡಣ್ಣನ ಬೆರಳನ್ನು ನೋಡಿದರು. ಇಂಕಿನಲ್ಲಿ ಬರೆದ ಹದಿನಾರು ಬಾರೂ ಅದಾದ ಮೇಲಿನ ಕೊನೆಯ ರಾಗವೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಹಾಳೆಯ ಕಡೆಯಿಂದ ಮುಖ ತಿರುಗಿಸಿ ಊದತೊಡಗಿದರು. ನಾನು ಕೇಳಿಸಿಕೊಳ್ಳಬೇಕಿತ್ತು. ಅವಮಾನದಿಂದ ಕಿವಿ ಬಿಸಿಯಾಗಿ ನನಗೊಂದೂ ಕೇಳಿಸಲಿಲ್ಲ. ಟೇಪಿನ ತುದಿ ಚಕ್ರದಿಂದ ಕಳಚಿಕೊಂಡು ಪಟಪಟ ಬಡಿದಾಗಲೇ ಮುಗಿಯಿತೆಂದು ಗೊತ್ತಾದದ್ದು.

"ಒರಸ್ಬುಡಿ ನಂಜುಂಡಣ್ಣ, ಇನ್ನೊಂದ್ಸಲ ಮಾಡನ. ಈ ಸಲ ಹದಿನಾರಕ್ಕೇ ನಿಲ್ಲಿಸ್ತೀನಿ. ದೇವ್ರಾಣೆ ನಿಲ್ಲಿಸ್ತೀನಿ ಮೇಷ್ಟ್ರೇ" ಎಂದೆ.

ಮೇಷ್ಟ್ರು ಕರ್ಚೀಫಿನಿಂದ ಬಾಯಿ ಒರೆಸಿಕೊಂಡು ಅದನ್ನು ನನಗೆ ಕಾಣದ ಹಾಗೆ ಮಡಿಸಲು ನೋಡಿದರು. ಕಂಡಿತು. ಕ್ಲ್ಯಾರಿನೆಟ್ಟಿನ ಮೂತಿಯ ಮೇಲೂ ರಕ್ತವಿತ್ತು. ತೆರೇಸಮ್ಮ ಉಪ್ಪುನೀರು ತರಲು ಒಳಗೆ ಹೋದರು. ಅಷ್ಟರಲ್ಲಿ ಗಾಳಿಗೆ ಎಲ್ಲೋ ತಂತಿ ಹರಿದು ಬೀದಿಯ ಕರೆಂಟೇ ಹೋಯಿತು. ಸಂಜೆಯವರೆಗೂ ಬರಲಿಲ್ಲ. ಮೆಶೀನು ಹಾಗೇ ಪ್ರೊಫೆಸರ ಮನೆಗೆ ಹೋಯಿತು. ಟೇಪಿನಲ್ಲಿ ಏನಿದೆ, ಮೇಷ್ಟ್ರ ಕೊನೆಯ ಆ ಒಂದು ನಿಮಿಷ ಬಿದ್ದಿದೆಯೋ ಇಲ್ಲವೋ, ಯಾರಿಗೂ ಹಾಕಿ ಕೇಳಲಾಗಲಿಲ್ಲ. ನಂಜುಂಡಣ್ಣ ಅದನ್ನು ಬಿಸ್ಕತ್ ಡಬ್ಬಿಯಲ್ಲಿಟ್ಟು ಮದ್ರಾಸಿಗೆ ಕಳಿಸಿದ.

ಬುಧವಾರ ಮೇಷ್ಟ್ರ ಹಲ್ಲು ಕಿತ್ತರು. ನಾನು ನೋಡಲು ಹೋಗಲಿಲ್ಲ. ಕಂಬಳಿಗಳು ಅಲ್ಲೇ ಉಳಿದಿದ್ದವು. ಅವ್ವ ದಿನಾ ಕೇಳುತ್ತಿದ್ದಳು, ನಾಳೆ ತರುತ್ತೇನೆ ಎನ್ನುತ್ತಿದ್ದೆ. ಒಬ್ಬ ಮನುಷ್ಯ ನಲವತ್ತು ವರ್ಷ ಕಾದು, ಜೀವಮಾನದಲ್ಲಿ ಒಂದೇ ಒಂದು ಸಲ ಎಂದು ಕೇಳಿಕೊಂಡದ್ದು ಐದು ನಿಮಿಷ. ಅದರಲ್ಲಿ ಅವರ ಪಾಲನ್ನು ನಾನು ತಿಂದುಬಿಟ್ಟಿದ್ದೆ. ಬೇರೆ ಯಾವ ರೀತಿಯಲ್ಲಿ ಹೇಳಿಕೊಂಡರೂ ಇದು ಇಷ್ಟೇ ಆಗುತ್ತಿತ್ತು. ಸ್ಯಾಕ್ಸೋಫೋನಿನ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಅಪ್ಪನಿಗೆ ಸಂತೋಷವಾಯಿತು.

ಗಣಪತಿ ಹಬ್ಬ ಕಳೆದ ಮೇಲೆ ನಂಜುಂಡಣ್ಣ ಹೇಳಿಕಳಿಸಿದ. ಮದ್ರಾಸಿನಿಂದ ರೆಕಾರ್ಡ್ ಬಂದಿತ್ತು. ಒಂದೇ ಒಂದು, ಅಂಗೈಗಿಂತ ಸ್ವಲ್ಪ ದೊಡ್ಡದು. "ನಾನಿನ್ನೂ ಹಾಕಿಲ್ಲ. ಇದು ಮೆತ್ತಗಿನ ತಟ್ಟೆ, ನಲವತ್ತು ಐವತ್ತು ಸಲಕ್ಕೆ ಸವೆದೋಯ್ತದೆ. ಮೊದ್ಲು ಅವ್ರೇ ಕೇಳ್ಲಿ. ತಗೊಂಡೋಗು" ಎಂದ. ನೀವೇ ಕೊಡಿ ಎಂದೆ. "ನೀನು ತಾನೇ ಊದಿದ್ದು. ನಡಿ" ಎಂದು ಒಂದು ಪ್ಲೇಯರನ್ನೂ ನನ್ನ ಸೈಕಲ್ಲಿಗೆ ಅವನೇ ಕಟ್ಟಿಕೊಟ್ಟ.

ಮೇಷ್ಟ್ರ ಕೆನ್ನೆ ಒಳಕ್ಕೆ ಹೋಗಿತ್ತು. ಕಟ್ಟಿಸಿದ ಹಲ್ಲು ಮೇಜಿನ ಮೇಲೆ ನೀರಿನ ಲೋಟದಲ್ಲಿತ್ತು. ನನ್ನನ್ನು ನೋಡಿ ಅದನ್ನು ಹಾಕಿಕೊಳ್ಳಲು ಹೋಗಿ, ಬೇಸರದಿಂದ ಅಲ್ಲೇ ಬಿಟ್ಟರು. ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ತೆರೇಸಮ್ಮ ಕಂಬಳಿಗಳನ್ನು ಒಗೆದು ಮಡಿಸಿಟ್ಟಿದ್ದರು. ನಾನು ರೆಕಾರ್ಡ್ ಹಾಕಿ ಬಾಗಿಲ ಹತ್ತಿರ ಹೋಗಿ ನಿಂತೆ.

ಮೊದಲ ರಾಗ ಬಂತು, ಹಿಂದೆ ಹೆಂಚಿನ ಮೇಲೆ ಸೋನೆಯ ಸದ್ದು. ಆಮೇಲೆ ನಾನು. ಎಷ್ಟು ಹೊತ್ತು, ದೇವರೇ, ಎಷ್ಟು ಹೊತ್ತು. ನೆಲ ನೋಡುತ್ತಾ ಮುಗಿಯಲಿ ಎಂದು ಕಾದೆ. ಆಮೇಲೆ ಮೇಷ್ಟ್ರು ಬಂದರು. ಅದು ಟೇಪಿನಲ್ಲಿ ಬಿದ್ದಿತ್ತು. ರಾಗದ ಎರಡು ಸ್ವರ ಮುಟ್ಟಿ ಬಿಟ್ಟರು. ನಾನು ಊದಿದ್ದರ ಒಂದು ತುಣುಕನ್ನು ಎತ್ತಿಕೊಂಡು, ಅದನ್ನು ನನಗೆ ಗೊತ್ತಿಲ್ಲದ ಎಲ್ಲಿಗೋ ಕರೆದುಕೊಂಡು ಹೋದರು. ಒಂದು ಕಡೆ ಸ್ವರ ನಡುಗಿತು, ಅದು ಹಲ್ಲು ಸೋತ ಜಾಗ. ಆ ನಡುಕವನ್ನೂ ಬಿಡದೆ ಮೂರು ಸಲ ಬೇಕೆಂದೇ ನಡುಗಿಸಿ, ಮೆಲ್ಲಗೆ ಕೆಳಗಿಳಿದು ನಿಲ್ಲಿಸಿದರು. ಅವರು ಇಂಕಿನಲ್ಲಿ ಬರೆದಿದ್ದ ಒಂದು ಬಾರೂ ಅದರಲ್ಲಿರಲಿಲ್ಲ.

"ಇನ್ನೊಂದ್ಸಲ ಹಾಕು" ಎಂದರು.

ಹಾಕಿದೆ. ಮತ್ತೆ ಹಾಕು ಎಂದರು. ನಾಲ್ಕನೆಯ ಸಲಕ್ಕೆ ಹೊಸ ಹಾಳೆಯನ್ನೂ ಪೆನ್ಸಿಲನ್ನೂ ತೆಗೆದುಕೊಂಡರು. ಆ ಒಂದು ನಿಮಿಷವನ್ನು ಬರೆದಿಡಬೇಕು ಅವರಿಗೆ. ಒಂದು ಸ್ವರ ಬರೆದು ಒರೆಸಿದರು. ಮುಳ್ಳನ್ನು ಹಿಂದಕ್ಕಿಡಲು ಹೇಳಿದರು. ಎರಡು ಬರೆದರು, ಒರೆಸಿದರು. ಆ ನಡುಕ ಯಾವ ಗೆರೆಯ ಮೇಲೂ ಕೂರುತ್ತಿರಲಿಲ್ಲ. ಯಾರು ಏನು ಊದಿದರೂ ಒಂದೇ ಸಲ ಕೇಳಿ ಬರೆಯುವವರೆಂದು ಬ್ಯಾಂಡಿನಲ್ಲಿ ಹೆಸರಾಗಿದ್ದ ಮನುಷ್ಯ ಹನ್ನೆರಡನೆಯ ಸಲಕ್ಕೆ ಪೆನ್ಸಿಲ್ ಕೆಳಗಿಟ್ಟು, ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

"ಬರೆಯೋಕೇ ಬರ್ತಾ ಇಲ್ಲ ಕಣೇ ತೆರೇಸಾ. ನಂದೇ, ನಂಗೇ ಬರೆಯೋಕೆ ಬರ್ತಾ ಇಲ್ಲ."

ನಾನು ತಡೆಯಲಾರದೆ, ನನ್ನದು ತಪ್ಪಾಯಿತು ಮೇಷ್ಟ್ರೇ ಎಂದು ಅತ್ತುಬಿಟ್ಟೆ. ಅವರು ತಟ್ಟೆಯ ಮೇಲಿನ ಮುಳ್ಳನ್ನು ಎತ್ತಿಟ್ಟರು.

"ಆವತ್ತು ನೀನು ಸರಿಯಾಗಿ ಹದಿನಾರಕ್ಕೆ ನಿಲ್ಲಿಸಿದ್ರೆ ನಾನು ಬರ್ಕೊಂಡಿದ್ದನ್ನೇ ಊದ್ಬುಡ್ತಿದ್ದೆ. ಸೊಟ್ಟ ಇಲ್ದಂಗೆ ಊದ್ಬುಡ್ತಿದ್ದೆ" ಎಂದರು. "ಹೊತ್ತೇ ಬುಡ್ಲಿಲ್ಲ ನೀನು. ಒಳ್ಳೇದಾಯ್ತು."

ಆ ತಟ್ಟೆಯನ್ನು ಅವರು ದೀಪಾವಳಿಯ ಹೊತ್ತಿಗೆಲ್ಲ ಕೇಳಿ ಕೇಳಿ ಸವೆಸಿದರು. ಆಮೇಲೆ ಹಾಕಿದರೆ ಬರಿಯ ಸರಸರ. ನನ್ನ ಹತ್ತಿರ ಉಳಿದಿರುವುದು ಮೊದಲು ಕೇಳಿದ ದಿನ ಅವರು ಬರೆದು ಒರೆಸಿದ ಹಾಳೆ ಮಾತ್ರ. ನಾನು ಹೊರಡುವಾಗ ಅವರೇ ಕೊಟ್ಟದ್ದು. ಬ್ಯಾಂಡಿನ ಹಾಳೆಗಳಲ್ಲಿ ಮೇಲೆ ಬಲಗಡೆ ರಾಗ ಕಟ್ಟಿದವರ ಹೆಸರು ಇರುತ್ತದೆ. ನಲವತ್ತು ವರ್ಷ ಅವರು ಅಲ್ಲಿ ಬೇರೆಯವರ ಹೆಸರನ್ನು ನಕಲು ಮಾಡಿದ್ದರು. ಈ ಹಾಳೆಯಲ್ಲಿ ಆ ಜಾಗದಲ್ಲಿ ಅವರ ದುಂಡು ಅಕ್ಷರದಲ್ಲಿ ಆರೋಗ್ಯಪ್ಪ ಎಂದಿದೆ, ಅದರ ಪಕ್ಕದಲ್ಲೇ ಸಿದ್ದರಾಜು ಎಂದಿದೆ. ಕೆಳಗೆ ಐದೈದು ಗೆರೆ, ಕೊನೆಯವರೆಗೂ ಖಾಲಿ.